ಕಾಲಿನ ಚಿಂತೆ ಬಿಡಿ, ಕೈ ನೋಡಿ

"ಅಕ್ಕಾ, ನನ್ನ ಮಗಳಿಗೆ ಮೊನ್ನೆ 11 ತಿಂಗಳು ತುಂಬಿತು. 35 ವಾರಕ್ಕೇ ಹುಟ್ಟಿದವಳು, ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಕುಳಿತದ್ದು 8 ತಿಂಗಳಿಗೆ. ಇನ್ನೂ ಅಂಬೆಗಾಲಿಕ್ಕುವುದಿಲ್ಲ. ಕುಳಿತಲ್ಲಿಂದಲೇ ಒಂದು ಕೈ ನೆಲಕ್ಕೆ ಒತ್ತಿ ಜಾರುತ್ತಾ ಹೋಗುತ್ತಾಳೆ. ಹಿಡಿದು ನಿಲ್ಲುವುದೂ ಇಲ್ಲ. ಓರಗಿತ್ತಿಯ ಮಗ 10 ತಿಂಗಳಿಗೇ ಅಂಗಳಕ್ಕೆ ಓಡಿದವನು. ಇವರು ದುಬೈಯಲ್ಲಿದ್ದಾರೆ. ದಿನಾ ರಾತ್ರಿ ವಿಡಿಯೋ ಕಾಲಿನಲ್ಲಿ 'ನಿಂತಳಾ?' ಎಂದು ಕೇಳುವುದು, ನಾನು 'ಇಲ್ಲ' ಎನ್ನುವುದು. ಊರಿಗೆ ಬರುವವರ ಕೈಯಲ್ಲಿ ಒಂದು ವಾಕರ್ ಬೇರೆ ಕಳಿಸಿದ್ದಾರೆ. ಅತ್ತೆಯ ಹತ್ತಿರ ಡಾಕ್ಟರ ಮಾತೆತ್ತುವ ಹಾಗಿಲ್ಲ. 'ನಿನ್ನ ಗಂಡ ನಡೆದದ್ದೂ ಒಂದೂವರೆ ವರ್ಷಕ್ಕೆ. ಈ ಊರಿನಲ್ಲಿ ಮಗುವನ್ನು ಹೊತ್ತುಕೊಂಡು ಆಸ್ಪತ್ರೆ ತಿರುಗಿದರೆ ಜನ ಎಂತ ಹೇಳುತ್ತಾರೆ ಗೊತ್ತುಂಟಾ ನಿನಗೆ' ಎನ್ನುತ್ತಾರೆ. ವಿಟ್ಲದ ಹತ್ತಿರ ನನ್ನ ತವರು. ಅಲ್ಲಿಗೆ ಹೋಗುವ ನೆಪ ಮಾಡಿ, ಹೇಳದೆ ಮಂಗಳೂರಿಗೆ ಕರೆದುಕೊಂಡು ಹೋಗಲಾ? ಮಗಳು ಬಾಕಿ ಎಲ್ಲದರಲ್ಲೂ ಚುರುಕು. ಹೆಸರು ಕರೆದರೆ ತಿರುಗುತ್ತಾಳೆ, ಫೋನಿನಲ್ಲಿ ಅಪ್ಪನ ಮುಖ ಕಂಡರೆ ಕುಣಿಯುತ್ತಾಳೆ. ಎಡಚಿ ಅಂತ ಕಾಣುತ್ತದೆ, ಏನು ಕೊಟ್ಟರೂ ಎಡಗೈಯಲ್ಲೇ ತೆಗೆದುಕೊಳ್ಳುವುದು. ಅಜ್ಜಿ 'ಎಡಚಿ ಪುಳ್ಳಿ' ಎಂದೇ ಕೊಂಡಾಟ ಮಾಡುವುದು."

— ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಬ್ಬ ತಾಯಿ

ತಂಗೀ,

ನಿಮ್ಮ ಪತ್ರ ಅರ್ಧ ಓದುವಾಗಲೇ ನನ್ನ ಉತ್ತರ ತಯಾರಾಗಿತ್ತು. "ಏನೂ ಆಗಿಲ್ಲ, ಓರಗಿತ್ತಿಯ ಮಗನನ್ನು ನೋಡುವುದು ಬಿಡಿ" ಎಂದು ಬರೆಯುವವಳಿದ್ದೆ. ಕೊನೆಯ ಸಾಲಿಗೆ ಬಂದವಳು ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ಓದಿದೆ. ನೀವು ನಿದ್ದೆ ಬಿಟ್ಟಿರುವುದು ಕಾಲಿನ ವಿಷಯಕ್ಕೆ, ಕೊಂಡಾಟಕ್ಕೆಂದು ಬರೆದದ್ದು ಕೈಯ ವಿಷಯ. ನನಗೆ ಕಾಲಿನ ಬಗ್ಗೆ ಇವತ್ತಿಗೆ ಅವಸರವಿಲ್ಲ. ಕೈಯ ಬಗ್ಗೆ ಉಂಟು.

ಕಾಲಿನದ್ದು ಮೊದಲು ಮುಗಿಸುತ್ತೇನೆ. 40 ವಾರ ತುಂಬಿ ಬರಬೇಕಾದವಳು ಐದು ವಾರ ಮೊದಲೇ ಬಂದಿದ್ದಾಳೆ. ಬೆಳವಣಿಗೆ ನೋಡುವಾಗ ಆ ಐದು ವಾರ ಕಳೆಯಬೇಕು. ಹಾಗಾಗಿ ಅವಳು ಈಗ 10 ತಿಂಗಳ ಮಗು, 11ರದ್ದಲ್ಲ. ಎರಡು ವರ್ಷ ಆಗುವವರೆಗೆ ಈ ಲೆಕ್ಕ ಇಟ್ಟುಕೊಳ್ಳಿ. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಆಧಾರವಿಲ್ಲದೆ ಕುಳಿತುಕೊಳ್ಳುವುದಕ್ಕೆ 3.8 ತಿಂಗಳಿಂದ 9.2 ತಿಂಗಳು. ಹಿಡಿದು ನಿಲ್ಲುವುದಕ್ಕೆ 4.8ರಿಂದ 11.4. ತಾನಾಗಿ ನಡೆಯುವುದಕ್ಕೆ 8.2ರಿಂದ 17.6. ಎಷ್ಟು ಅಗಲದ ಬಾಗಿಲು ನೋಡಿ! ಓರಗಿತ್ತಿಯ ಮಗ ಬಾಗಿಲಿನ ಈಚೆ ತುದಿಯಲ್ಲಿ ನುಗ್ಗಿದ, ನಿಮ್ಮ ಗಂಡ ಆಚೆ ತುದಿಯನ್ನು ಒರೆಸಿಕೊಂಡು ಬಂದದ್ದು. ಅದೇ ಮಕ್ಕಳಲ್ಲಿ ನೂರಕ್ಕೆ ನಾಲ್ಕು ಅಂಬೆಗಾಲೇ ಇಡದೆ ನಡೆದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ 2022ರಲ್ಲಿ ತನ್ನ ಪಟ್ಟಿಯಿಂದ ಅಂಬೆಗಾಲನ್ನು ತೆಗೆದೇಬಿಟ್ಟಿತು. ಕುಳಿತು ಜಾರುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ತಡ, ಕೆಲವು ಮನೆತನಗಳಲ್ಲಿ ಅದು ಅಪ್ಪನಿಂದ ಮಕ್ಕಳಿಗೆ ಬರುವುದೂ ಉಂಟು. ನಿಮ್ಮ ಅತ್ತೆಯ ಮಾತು ಇಷ್ಟರ ಮಟ್ಟಿಗೆ ಸರಿಯೇ.

ಆದರೆ ಎರಡೂ ಕೈ ಊರಿ ಜಾರುವುದು ಬೇರೆ, ಒಂದೇ ಕೈ ಊರಿ ಜಾರುವುದು ಬೇರೆ.

ಒಂದು ವರ್ಷದೊಳಗಿನ ಮಗುವಿನಲ್ಲಿ ಎಡಚ, ಬಲಚ ಎಂಬುದು ಇರುವುದಿಲ್ಲ. ಆ ವಯಸ್ಸಿಗೆ ಎರಡು ಕೈಯೂ ಒಂದೇ. ಹತ್ತಿರದ ಕೈಗೆ ಸಿಕ್ಕಿದ್ದನ್ನು ಬಾಚುವುದು, ಈ ಕೈಯಿಂದ ಆ ಕೈಗೆ ದಾಟಿಸುವುದು, ಎರಡರಲ್ಲೂ ಹಿಡಿದು ಕುಟ್ಟುವುದು. ಯಾವ ಕೈ ಮೇಲು ಎನ್ನುವುದು ನಿಧಾನವಾಗಿ ಕಾಣುವುದು ಒಂದೂವರೆ ವರ್ಷದ ನಂತರ, ಗಟ್ಟಿಯಾಗುವುದು ಇನ್ನೂ ತಡವಾಗಿ. ಅದಕ್ಕಿಂತ ಮೊದಲೇ ಮಗು ಯಾವಾಗಲೂ ಒಂದೇ ಕೈ ಚಾಚುತ್ತದೆ ಎಂದರೆ ನಾವು ಆ ಕೈಯನ್ನು ಹೊಗಳುವುದಲ್ಲ, ಇನ್ನೊಂದು ಕೈ ಯಾಕೆ ಬರುತ್ತಿಲ್ಲ ಎಂದು ನೋಡುವುದು. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಎಡಚ ಎಂದು ಮನೆಯವರೆಲ್ಲ ಸಂತೋಷಪಟ್ಟ ಒಬ್ಬ ಹುಡುಗ ಮೂರು ವರ್ಷ ದಾಟಿದ ಮೇಲೆ ಬಂದಿದ್ದ. ಬಂದದ್ದು ಕೈಗಲ್ಲ, ಜ್ವರಕ್ಕೆ. ಬಲಗೈಯ ಹೆಬ್ಬೆರಳು ಅಂಗೈಯೊಳಗೇ ಮಡಚಿ ಕುಳಿತಿತ್ತು. ಆ ತಾಯಿ ಡಾಕ್ಟರಿಗೆ ಹೇಳಿದ ಮಾತು ನಿಮ್ಮ ಪತ್ರದ ಕೊನೆಯ ಸಾಲೇ, ಅಕ್ಷರ ಹೆಚ್ಚುಕಮ್ಮಿಯಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಹೊಟ್ಟೆ ತುಂಬಿ, ನಿದ್ದೆಯಾಗಿ, ಖುಷಿಯಲ್ಲಿರುವಾಗ ಅವಳನ್ನು ಚಾಪೆಯ ಮೇಲೆ ಕೂರಿಸಿ. ಆಟದ ಹಾಗೆ ಎಡಗೈಯನ್ನು ಮೆಲ್ಲ ನಿಮ್ಮ ಕೈಯೊಳಗೆ ಇಟ್ಟುಕೊಂಡು ಬಲಗಡೆಯಿಂದ ಒಂದು ಸಣ್ಣ ಸೌಟು ತೋರಿಸಿ. ಬಲಗೈ ಬರುತ್ತದಾ? ಬಂದರೆ ಬೆರಳು ಪೂರ್ತಿ ಬಿಚ್ಚುತ್ತದಾ, ಮುಷ್ಟಿಯಲ್ಲೇ ತಳ್ಳುತ್ತದಾ? ತಟ್ಟೆಯಲ್ಲಿ ನಾಲ್ಕು ಅನ್ನದ ಅಗುಳು ಹಾಕಿ. ಈ ವಯಸ್ಸಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಹೆಕ್ಕಲು ನೋಡುತ್ತವೆ, ಎರಡೂ ಕೈಯಲ್ಲಿ ನೋಡುತ್ತವೆ. ಸ್ನಾನ ಮಾಡಿಸುವಾಗ ಬಲ ಮೊಣಕೈ, ಬಲ ಪಾದ ಎಡದ್ದಕ್ಕಿಂತ ಬಿಗಿ ಅನ್ನಿಸುತ್ತದಾ? ಅಂಗಿ ಹಾಕುವಾಗ ಒಂದು ತೋಳು ಮಾತ್ರ ಹಟ ಮಾಡುತ್ತದಾ? ಎತ್ತಿ ನಿಲ್ಲಿಸಿದರೆ ಬಲಗಾಲು ತುದಿಬೆರಳಿನ ಮೇಲೆ ನಿಲ್ಲುತ್ತದಾ? ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿ. ಡಾಕ್ಟರ ಮುಂದೆ ಹೋದ ಕೂಡಲೇ ಮಕ್ಕಳು ಅಳುವುದೊಂದೇ ಮಾಡುವುದು, ಆಗ ಎರಡು ನಿಮಿಷದ ವಿಡಿಯೋ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತದೆ.

ವಿಡಿಯೋದಲ್ಲಿ ಬಲಗೈ ಚೆನ್ನಾಗಿ ಆಡಿದರೂ ತೋರಿಸಿ ಬನ್ನಿ, ಅದೊಂದು ಸಮಾಧಾನ. ಆಡದಿದ್ದರೆ ಕಾರಣ ಹಲವು. ಹೆರಿಗೆಯ ಹೊತ್ತಿನಲ್ಲಿ ಭುಜದ ನರ ಎಳೆದುಹೋಗಿದ್ದರೆ ಹೀಗಾಗುತ್ತದೆ. ಮೆದುಳಿನ ಎಡಬದಿಗೆ ಹುಟ್ಟುವ ಮೊದಲೋ ಹುಟ್ಟುವ ಆಸುಪಾಸಿನಲ್ಲೋ ಸಣ್ಣ ಪೆಟ್ಟಾಗಿದ್ದರೆ ಬಲಬದಿಯ ಕೈಕಾಲು ಬಿಗಿಯಾಗುತ್ತದೆ. ಇದು ಸೆರೆಬ್ರಲ್ ಪಾಲ್ಸಿಯ ಒಂದು ಬಗೆ, ತಿಂಗಳು ತುಂಬದೆ ಹುಟ್ಟಿದವರಲ್ಲಿ ಇದರ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೆಸರು ಕೇಳಿ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಅದಕ್ಕೇ ಇದನ್ನೂ ಕೇಳಿ: ಒಂದೇ ಬದಿಯ ಈ ತೊಂದರೆ ಇರುವ ಮಕ್ಕಳಲ್ಲಿ ಬಹುತೇಕ ಎಲ್ಲರೂ ನಡೆಯುತ್ತಾರೆ. ಅದು ದಿನದಿಂದ ದಿನಕ್ಕೆ ಮೆದುಳನ್ನು ತಿನ್ನುತ್ತಾ ಹೋಗುವ ಕಾಯಿಲೆಯೂ ಅಲ್ಲ. ಎಳೆಯ ಮೆದುಳು ಬಳಸಿದ ದಾರಿಯನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಬಳಸದ್ದನ್ನು ಬಿಟ್ಟುಬಿಡುತ್ತದೆ. ಥೆರಪಿಯವರು ಚುರುಕು ಕೈಗೆ ದಿನಕ್ಕೆ ಸ್ವಲ್ಪ ಹೊತ್ತು ಚೀಲದಂಥ ಗವಸು ಹಾಕಿ, ಸೋಮಾರಿ ಕೈಯಿಂದಲೇ ಆಡಿಸುವುದು ಈ ಕಾರಣಕ್ಕೆ. ಅವರು ನೋಡಿ ಹೇಳುವ ಮೊದಲು ಮನೆಯಲ್ಲಿ ನೀವೇ ಕೈ ಕಟ್ಟಿ ಆಡಿಸಬೇಡಿ. ಎಣ್ಣೆ ಹಚ್ಚಿ ನೀವುವುದು ಒಳ್ಳೆಯದೇ, ಅಜ್ಜಿಗೂ ಮಗುವಿಗೂ ಖುಷಿ. ಜಗ್ಗಿ ಎಳೆಯುವುದು ಮಾತ್ರ ಬೇಡ.

"ಮುಂದಿನ ಇಂಜೆಕ್ಷನಿಗೆ ಹೋಗುವಾಗ ಕೇಳಿದರಾಯಿತು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 9 ತಿಂಗಳಿನ ದಡಾರದ ಚುಚ್ಚುಮದ್ದು ಆದ ಮೇಲೆ ಸರ್ಕಾರಿ ಪಟ್ಟಿಯಲ್ಲಿ ಮುಂದಿನದು ಇರುವುದು 16 ತಿಂಗಳಿಗೆ. ನಡುವಿನ ಇಷ್ಟು ತಿಂಗಳು ನಿಮ್ಮ ಮಗಳನ್ನು ಯಾರೂ ಕರೆದು ನೋಡುವುದಿಲ್ಲ, ನೀವೇ ಹೋಗಬೇಕು.

ಇನ್ನು ನಿಮ್ಮ ಅತ್ತೆ. ಅವರನ್ನು ಹಟಮಾರಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೀವು ವಿಟ್ಲದಿಂದ ಸಾರಡ್ಕದ ಗಡಿ ದಾಟಿ ಕೇರಳಕ್ಕೆ ಬಂದವರು. ಅವರು ಎಣ್ಮಕಜೆಯಲ್ಲಿ ಸಂಸಾರ ಮಾಡಿದವರು. ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ವರ್ಷಗಳಲ್ಲಿ ಅವರ ಮಕ್ಕಳು ಸಣ್ಣವರು. ಬಾವಿ ಮುಚ್ಚಿಕೊಳ್ಳಿ ಎನ್ನುತ್ತಿದ್ದರು, ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದವು. ಆಮೇಲೆ ಪಡ್ರೆ, ಸ್ವರ್ಗದ ಕಡೆಯ ಎಷ್ಟು ಮನೆಗಳ ಚಾವಡಿಯಲ್ಲಿ ಕುತ್ತಿಗೆ ನಿಲ್ಲದ, ಕಾಲು ಊರದ ಮಕ್ಕಳನ್ನು ಅವರು ನೋಡಿರಬೇಕು. ಕ್ಯಾಮೆರಾ ಹಿಡಿದು ಬಂದವರನ್ನು, ಆ ವಿಷದ ಸಂತ್ರಸ್ತರ ಪಟ್ಟಿ ಬರೆಯಲು ಬಂದವರನ್ನು ನೋಡಿರಬೇಕು. ಆ ಮನೆಗಳಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದವರನ್ನೂ. "ಜನ ಎಂತ ಹೇಳುತ್ತಾರೆ" ಎಂಬ ಮಾತಿನ ಹಿಂದೆ ಇರುವುದು ಆ ಪಟ್ಟಿಯ ಹೆದರಿಕೆ. ಬಾಯಿಬಿಟ್ಟು ಅದರ ಹೆಸರು ಹೇಳಿದರೆ ಎಲ್ಲಿ ನಿಜವಾಗುತ್ತದೋ ಎಂದು ಅವರು ಹೇಳುವುದಿಲ್ಲ, ಅಷ್ಟೆ.

ಹೆಲಿಕಾಪ್ಟರ್ ಸಿಂಪಡಣೆ ನಿಂತು ಎರಡು ದಶಕ ದಾಟಿತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನೇ ತಡೆಯಿತು. ತಿಂಗಳು ತುಂಬದೆ ಹುಟ್ಟಿದ ಮಗುವಿನ ಒಂದು ಕೈ ಹಿಂದೆ ಬಿದ್ದರೆ ಕಾಶ್ಮೀರದಲ್ಲೂ ಡಾಕ್ಟರು ಇದನ್ನೇ ನೋಡುತ್ತಾರೆ, ಕನ್ಯಾಕುಮಾರಿಯಲ್ಲೂ ಇದನ್ನೇ. ಮನೆಯ ವಿಳಾಸ ನೋಡಿ ಕಾರಣ ಹೇಳುವುದಿಲ್ಲ. ಇದನ್ನು ಅತ್ತೆಗೆ ವಾದದ ಹಾಗೆ ಹೇಳಬೇಡಿ. ಸಂಜೆ ದೀಪ ಹಚ್ಚಿ ಅವರು ಜಗಲಿಯಲ್ಲಿ ಕುಳಿತಿರುವಾಗ ಮಗುವನ್ನು ಅವರ ಮಡಿಲಿಗೆ ಹಾಕಿ, ಸೌಟನ್ನು ಅವರ ಕೈಗೇ ಕೊಡಿ. "ಅತ್ತೆ, ಬಲಗೈಗೆ ಕೊಟ್ಟು ನೋಡಿ, ನನಗೆ ಸರಿ ಗೊತ್ತಾಗುವುದಿಲ್ಲ" ಎನ್ನಿ. ಎಷ್ಟು ಮಕ್ಕಳನ್ನು ಮೀಯಿಸಿದ ಕೈ ಅದು, ಅವರಿಗೆ ಗೊತ್ತಾಗುತ್ತದೆ. ಬಹುಶಃ ನಿಮಗಿಂತ ಮೊದಲೇ ಗೊತ್ತಾಗಿರಲೂಬಹುದು.

ಕದ್ದು ಹೋಗಬೇಡಿ ಎನ್ನುವುದು ಸಂಸ್ಕಾರದ ಮಾತಲ್ಲ, ಪ್ರಯೋಜನದ ಮಾತು. ಥೆರಪಿ ಬೇಕೆಂದಾದರೆ ಅದು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ. ಉಣಿಸುವಾಗ, ಮೀಯಿಸುವಾಗ, ಎತ್ತಿಕೊಳ್ಳುವಾಗ ದಿನವಿಡೀ ನಡೆಯಬೇಕು, ಆ ದಿನದ ಅರ್ಧ ಮಗು ಅಜ್ಜಿಯ ಕೈಯಲ್ಲಿರುತ್ತದೆ. ಅವರಿಗೆ ಗೊತ್ತಿಲ್ಲದೆ ಏನು ಮಾಡುತ್ತೀರಿ? ಆದರೆ ಇದಕ್ಕೊಂದು ಗಡುವು ಇಟ್ಟುಕೊಳ್ಳಿ, ಒಂದು ವಾರ. ಅಷ್ಟರಲ್ಲಿ ಅತ್ತೆ ಒಪ್ಪದಿದ್ದರೆ, "ನಾಳೆ ತೋರಿಸಿಕೊಂಡು ಬರುತ್ತೇನೆ" ಎಂದು ಹೇಳಿಯೇ ಹೋಗಿ.

ಹೋಗುವುದು ಎಲ್ಲಿಗೆ? ಮಂಗಳೂರೇ ಆಗಬೇಕೆಂದಿಲ್ಲ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ಸಿಸ್ಟರನ್ನೋ ಕೇಳಿದರೆ ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ಸರ್ಕಾರಿ ಕೇಂದ್ರಕ್ಕೆ, ಕಳಿಸುತ್ತಾರೆ. ಮಕ್ಕಳ ಡಾಕ್ಟರು, ಫಿಸಿಯೋಥೆರಪಿ, ಕಿವಿ ಕಣ್ಣು ನೋಡುವವರು ಎಲ್ಲ ಅದರ ಏರ್ಪಾಟಿನಲ್ಲೇ, ಖರ್ಚಿಲ್ಲ. ಹುಟ್ಟಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮರೆಯಬೇಡಿ, ಆ ನಾಲ್ಕು ದಿನ ಪೆಟ್ಟಿಗೆಯಲ್ಲಿಟ್ಟದ್ದು ಯಾಕೆಂದು ಅದರಲ್ಲಿ ಇರುತ್ತದೆ. ಡಾಕ್ಟರು ಕೈಕಾಲಿನ ಬಿಗಿ, ತಲೆಯ ಸುತ್ತಳತೆ, ಸೊಂಟದ ಕೀಲು ನೋಡಿಯಾರು. ಸ್ಕ್ಯಾನ್ ಬೇಕೋ ಬೇಡವೋ ಅವರಿಗೆ ಬಿಡಿ. ಮನೆಯಲ್ಲಿರುವ ತಾಯಿ ಮಗುವಿನ ಕಾರ್ಡು ಮಲಯಾಳದಲ್ಲಿ ಇರಬೇಕು, ಅದಕ್ಕೇ ಚುಚ್ಚುಮದ್ದಿನ ದಿನ ಬಿಟ್ಟರೆ ನೀವು ತೆರೆದಿರಲಿಕ್ಕಿಲ್ಲ. ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಪುಟ ಅದರೊಳಗೇ ಉಂಟು. ಅಂಗನವಾಡಿ ಟೀಚರ ಹತ್ತಿರ ಓದಿಸಿಕೊಳ್ಳಿ. ಡಾಕ್ಟರಿಗೆ ಕನ್ನಡ ಬಾರದಿದ್ದರೆ ಹೆದರಬೇಡಿ: ನಮ್ಮ ಬಲ ಅವರಿಗೆ ವಲದು, ಎಡ ಇಡದು. ಉಳಿದದ್ದನ್ನು ವಿಡಿಯೋ ಹೇಳುತ್ತದೆ.

ವಾಕರನ್ನು ಅಟ್ಟಕ್ಕೆ ಹಾಕಿ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವ ಹಾಗೇ ಇಲ್ಲ. ಮಕ್ಕಳು ಮೆಟ್ಟಿಲಿನಿಂದ ಉರುಳುತ್ತವೆ, ಬಿಸಿ ಪಾತ್ರೆಗೆ ಕೈ ಹಾಕುತ್ತವೆ, ನಡಿಗೆಯಂತೂ ಒಂದು ದಿನವೂ ಬೇಗ ಬರುವುದಿಲ್ಲ. ನಿಮ್ಮ ಮಗಳಿಗೆ ಬೇಕಾಗಿರುವುದು ಬರಿಯ ನೆಲ.

ಇದನ್ನು ಓದುವ ಬೇರೆ ತಾಯಂದಿರು ತಮ್ಮ ಮಕ್ಕಳ ಲೆಕ್ಕ ಹಾಕುತ್ತಿರುತ್ತಾರೆ, ಅವರಿಗೂ ನಾಲ್ಕು ಮಾತು. 3 ತಿಂಗಳಾದರೂ ಮುಖ ನೋಡಿ ನಗದಿದ್ದರೆ, 4 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ ಅಥವಾ ಮುಷ್ಟಿ ಬಿಚ್ಚದಿದ್ದರೆ, 9 ತಿಂಗಳಿಗೆ ಕೂರದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ ತೋರಿಸಿ. ಕಲಿತದ್ದನ್ನು ಮಗು ಮರೆಯತೊಡಗಿದರೆ ಯಾವ ವಯಸ್ಸಾದರೂ ಕಾಯಬೇಡಿ, ಅದೇ ವಾರ ಹೋಗಿ. ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ತಾಯಿಗೆ ಬಿ12 ಕಡಿಮೆಯಿದ್ದು, ಎದೆಹಾಲು ಕುಡಿಯುವ ಮಗು ಸೊರಗಿ ಮೆತ್ತಗಾಗುವುದನ್ನು ನಾನು ನೋಡಿದ್ದೇನೆ. ರಕ್ತಪರೀಕ್ಷೆಯಲ್ಲಿ ಸಿಗುವ, ಔಷಧಕ್ಕೆ ಬಗ್ಗುವ ತೊಂದರೆ ಅದು, ಬೇಗ ಸಿಗಬೇಕು ಅಷ್ಟೆ.

ತಂಗೀ, ನಿಮ್ಮ ಯಜಮಾನರಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇವತ್ತು ರಾತ್ರಿ ಅವರು "ನಿಂತಳಾ?" ಎಂದು ಕೇಳಿದಾಗ ಉತ್ತರ ಕೊಡಬೇಡಿ. ಮಗಳ ಎಡಗೈ ಹಿಡಿದುಕೊಂಡು, ಅಪ್ಪನ ಮುಖವಿರುವ ಆ ಫೋನನ್ನೇ ಅವಳ ಬಲಗಡೆಗೆ ತನ್ನಿ. ಅವರೂ ನೋಡಲಿ.