ಹಿಲ್ ಪ್ರೋಗ್ರಾಂ ಬಿಡ್ಬೇಡಿ, ಲೆವೆಲ್ ಇಳಿಸಿ

ಟ್ರೆಡ್‌ಮಿಲ್‌ನಲ್ಲಿ ಹಿಲ್ ಪ್ರೋಗ್ರಾಂ (ಗುಡ್ಡ ಹತ್ತಿ ಇಳಿದ ಹಾಗೆ ಏರು ತಾನಾಗೇ ಬದಲಾಗೋ ಸೆಟ್ಟಿಂಗು) ಹಾಕಿದ್ರೆ ಅರ್ಧಕ್ಕೇ ಏದುಸಿರು ಬರತ್ತೆ, ಎಲ್ಲಾ ನಾವೇ ಸೆಟ್ ಮಾಡ್ಕೊಳ್ಳೋ ಮ್ಯಾನ್ಯುಯಲ್‌ಗೇ ಹೋಗ್ಲಾ ಅಂತ ಕೇಳಿದೀರಲ್ಲ, ಬೇಡ, ಮೊದ್ಲು ಪ್ರೋಗ್ರಾಂನ ಕಷ್ಟದ ಲೆವೆಲ್ ಇಳಿಸಿ ನೋಡಿ. ಏರಿಳಿತ ಹಾಗೇ ಇರತ್ತೆ, ಕಷ್ಟ ಮಾತ್ರ ಕಮ್ಮಿ ಆಗತ್ತೆ. ಇನ್ನೊಂದು, ಸಾಮಾನ್ಯವಾಗಿ ಮಷೀನು ನೀವು ಕೊಟ್ಟ ಟೈಮನ್ನ ಸಮ ಭಾಗ ಮಾಡ್ಕೊಳತ್ತೆ, ಹಾಗಾಗಿ 20 ನಿಮಿಷದ ಬದ್ಲು 40 ಹಾಕಿದ್ರೆ ಪ್ರತಿ ಏರೂ ಎರಡರಷ್ಟು ಹೊತ್ತು ಇರತ್ತೆ, ನಿಮಗೆ ಸುಸ್ತಾಗ್ತಿರೋದು ಬಹುಶಃ ಅಲ್ಲೇ. ಮಧ್ಯೆ ತಡ್ಯಕ್ಕಾಗ್ಲಿಲ್ಲ ಅಂದ್ರೆ ಬಟನ್ ಒತ್ತಿ ಸ್ಪೀಡ್ ಇಳಿಸ್ಕೊಳ್ಳಿ, ಆದ್ರೆ ಎಷ್ಟೋ ಮಷೀನಲ್ಲಿ ಅದು ಆ ಭಾಗಕ್ಕಷ್ಟೇ, ಮುಂದಿನ ಭಾಗ ಶುರುವಾದ ತಕ್ಷಣ ಬೆಲ್ಟು ಮತ್ತೆ ಹಳೇ ಸ್ಪೀಡ್‌ಗೇ ಹೋಗತ್ತೆ, ಹುಷಾರು. ಮುಂದಿನ ಕಂಬಿಗೆ ಜೋತ್ಬಿದ್ದು ಮಾತ್ರ ಹತ್ಬೇಡಿ, ಕಾಲಿನ ಕೆಲಸ ಕೈಗೆ ಹೋಗ್ಬಿಡತ್ತೆ. ಎದೆನೋವು, ತಲೆಸುತ್ತು ಏನಾದ್ರೂ ಇದ್ರೆ ನಿಲ್ಸಿ, ಡಾಕ್ಟರಿಗೆ ತೋರ್ಸಿ ಪ್ಲೀಸ್.