ಓಎಲ್‌ಇಡಿ ಟಿವಿಯಲ್ಲಿ ಹಳೇ ವಿಡಿಯೋ ಗೇಮ್ ಆಡಿದರೆ ಪಕ್ಕದ ಕಪ್ಪು ಪಟ್ಟಿಗಳ ಕಲೆ ಉಳಿಯುತ್ತದೆಯೇ?

ಕಪ್ಪು ಪಟ್ಟಿ ಏನನ್ನೂ ಸುಡುವುದಿಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ (ಚಿತ್ರದ ಚುಕ್ಕಿ) ತಾನೇ ಬೆಳಗುತ್ತದೆ, ಕಪ್ಪು ಅಂದರೆ ಆ ಪಿಕ್ಸೆಲ್‌ಗಳು ಆರಿವೆ ಎಂದರ್ಥ; ಸವೆಯುವುದು ಉರಿಯುವ ನಡುಭಾಗ. ಹಳೇ ಆಟದ ಚಿತ್ರದ ಅಗಲ-ಎತ್ತರ 4:3, ಇಂದಿನ ಪರದೆಯದು 16:9; ಹಾಗಾಗಿ ಎರಡೂ ಬದಿ ತಲಾ 12.5% ಅಗಲ ಖಾಲಿ. ವರ್ಷಗಟ್ಟಲೆ ಬರೀ ಇದನ್ನೇ ಆಡಿದರೆ ನಡುಭಾಗ ತುಸು ಮಂಕಾಗಿ ಗೆರೆ ಕಂಡೀತು.

ನಿಜವಾದ ಕಾಟ ಅಲುಗದ ಹೊಳಪಿನದು: ಸ್ಕೋರು, ಲೈಫ್ ಗುರುತು, ಕಪ್ಪು ಪಟ್ಟಿಗಳ ಜಾಗದಲ್ಲಿ ತುಂಬುವ ಅಲಂಕಾರದ ಬಾರ್ಡರ್. ವಿಜಯಪುರದ ನನ್ನ ಗೆಳೆಯ ಗೋಳಗುಮ್ಮಟದ ಫೋಟೋವನ್ನೇ ಬಾರ್ಡರ್ ಮಾಡಿಕೊಂಡಾನ. ಚಂದ ಐತಿ, ಆದರೆ ಅಲ್ಲಿ ದನಿಯಾದರೂ ಅಷ್ಟು ಸಲ ತಿರುಗಿ ಬಂದು ಅಡಗುತ್ತದೆ, ಟಿವಿಯಲ್ಲಿ ಅಚ್ಚಾದ ಗುಮ್ಮಟ ಹೋಗುವುದಿಲ್ಲ! ಬಾರ್ಡರ್ ಬೇಕೇ ಬೇಕೆಂದರೆ ಮಂಕು ಬಣ್ಣದ್ದು ಹಾಕಿ, ಬ್ರೈಟ್‌ನೆಸ್ ಇಳಿಸಿ. ಊಟಕ್ಕೆ ಏಳುವಾಗ ಆಟವನ್ನು ಪಾಜ್ ಮಾಡಿ ಹಾಗೇ ಬಿಟ್ಟು ಹೋಗಬೇಡಿ.

ಅಂಗಡಿಯವರು ಎಲ್‌ಇಡಿ ಎಂದು ಮಾರುವ ಸಾಮಾನ್ಯ ಟಿವಿ ಎಲ್‌ಸಿಡಿಯೇ, ಅಂದರೆ ಪಿಕ್ಸೆಲ್ ತಾನೇ ಬೆಳಗದೆ ಹಿಂದಿನ ದೀಪದಿಂದ ಬೆಳಕು ಪಡೆಯುವಂಥದ್ದು. ಅದರಲ್ಲಾದರೆ ಈ ಚಿಂತೆ ಅಷ್ಟಾಗಿ ಬೇಡ.