ಸಾಲದ ಜೊತೆ ಹೇಳದೆ ಸೇರಿಸಿದ ವಿಮೆಯ ಹಣ ವಾಪಸ್ ಸಿಗುತ್ತಾ?

ಸಿಗಬಹುದು. ಆದರೆ ದಿನಗಳ ಲೆಕ್ಕ ಮುಖ್ಯ. ನೀವು ಕೇಳಿದಂತೆ, ಪರ್ಸನಲ್ ಲೋನ್ ಕೊಡುವಾಗ 'ವಿಮೆ ಮಾಡಿಸಲೇಬೇಕು' ಎಂದು ಪ್ರೀಮಿಯಂ ಮುರಿದುಕೊಂಡಿದ್ದರೆ, ಅದು ತಪ್ಪು. ಸಾಲಕ್ಕೆ ವಿಮೆ ಕಡ್ಡಾಯ ಎನ್ನುವ ಕಾನೂನು ನಮ್ಮಲ್ಲಿಲ್ಲ.

ಮೊದಲು ಪಾಲಿಸಿ ಪತ್ರ ಕೈಗೆ ಬಂದ ದಿನ ನೋಡಿ. ಅಲ್ಲಿಂದ 30 ದಿನ 'ಫ್ರೀ ಲುಕ್' ಅವಧಿ. ಅಷ್ಟರೊಳಗೆ ಬೇಡ ಎಂದು ವಿಮಾ ಕಂಪನಿಗೆ ಬರೆದುಕೊಟ್ಟರೆ, ಸ್ಟಾಂಪ್ ಶುಲ್ಕದಂಥ ಸಣ್ಣ ಕಡಿತ ಬಿಟ್ಟು ಉಳಿದದ್ದು ವಾಪಸ್ ಬರುತ್ತದೆ.

ಅವಧಿ ಮುಗಿದಿದ್ದರೂ ಸುಮ್ನೆ ಬಿಡಬೇಡಿ. ಬ್ಯಾಂಕಿಗೂ ವಿಮಾ ಕಂಪನಿಗೂ ಲಿಖಿತ ದೂರು ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ನಿಮ್ಮ ಸಹಿ ಇರುವ ಅರ್ಜಿಯ ಪ್ರತಿ ಕೇಳಿ ಪಡೆಯಿರಿ. ಎಷ್ಟೋ ಸಲ ವಿಮೆಯ ಒಪ್ಪಿಗೆಯ ಗುರುತನ್ನು ಬೇರೆಯವರೇ ಹಾಕಿರುತ್ತಾರೆ. ಅದೇ ನಿಮ್ಮ ಗಟ್ಟಿ ಸಾಕ್ಷಿ.

ತಿಂಗಳಾದರೂ ಸರಿಯಾದ ಉತ್ತರ ಇಲ್ವಾ? ಇಂಥ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಗೆ ಓಂಬುಡ್ಸ್‌ಮನ್ ಎನ್ನುತ್ತಾರೆ. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಕಂಪನಿಯ ಮೇಲೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಕರ್ನಾಟಕದವರಿಗೆ ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ. ಎರಡಕ್ಕೂ ಶುಲ್ಕವಿಲ್ಲ, ವಕೀಲರೂ ಬೇಡ.

ಸಾಲವನ್ನು ಬೇಗ ತೀರಿಸಿದ್ದರೆ, ಉಳಿದ ಅವಧಿಯ ಪ್ರೀಮಿಯಂ ಎಷ್ಟು ಮರಳುತ್ತದೆ ಎಂದೂ ಕೇಳಿ. ಅವರಾಗಿ ಹೇಳುವುದು ಅಪರೂಪ.